ನೀಟ್ ಪಾಸಾದ್ರೆ ಸೀಟ್ ಸಿಕ್ಕಿತು ಅಂತಲ್ಲ, ಮಾರಾಯ್ರೆ



ಸ್ವಲ್ಪ ಉದ್ದ ಆಗುತ್ತೆ. ಮನೆಯಲ್ಲಿ ಪಿಯುಸಿ ಸೈನ್ಸ್ ಓದುವ ಮಕ್ಕಳಿದ್ದವರು ಪೂರ್ತಿ ಓದಿ, ನಿಮ್ಮ ಕಾಲನಿಯ ವಾಟ್ಸಾಪ್ ಗ್ರೂಪಿಗೂ ಹಾಕಿ.

2025ರ ಜೂನ್‌ನಲ್ಲಿ ಬೈಂದೂರು ಕಡೆಯ ಒಬ್ಬ ಅಕ್ಕ ಫೋನ್ ಮಾಡಿದ್ರು. ಗೇರುಬೀಜದ ಫ್ಯಾಕ್ಟರಿಯಲ್ಲಿ ಕೆಲಸ ಅವರಿಗೆ. "ಮಗ್ಳ್ ನೀಟ್ ಪಾಸ್ ಆಯ್ತ್ ಅಣ್ಣ. ಇನ್ನ್ ಡಾಕ್ಟ್ರ್ ಓದುಕೆ ಎಲ್ಲಿ ಹೋಯ್ಕ್?" ಎಷ್ಟು ಮಾರ್ಕ್ ಅಂತ ಕೇಳಿದೆ. 131. ಮನೆಯಲ್ಲಿ ಆಗಲೇ ಪಾಯಸ ಮಾಡಿ ಆಗಿತ್ತು. ಕಾಲನಿಯ ಹುಡುಗರು ಬ್ಯಾನರ್ ಹಾಕುವ ಮಾತಾಡ್ತಿದ್ರು. ನಾನು ಐದು ನಿಮಿಷ ಏನೂ ಹೇಳಲಿಕ್ಕಾಗದೆ ಸುಮ್ಮನೆ ಕೂತೆ.

ವಿಷಯ ಇಷ್ಟೇ. ನೀಟ್ 720 ಮಾರ್ಕಿನ ಪರೀಕ್ಷೆ. 2025ರಲ್ಲಿ ಜನರಲ್‌ನವರಿಗೆ ಅರ್ಹತೆ 144, ಎಸ್‌ಸಿ, ಎಸ್‌ಟಿ, ಒಬಿಸಿಯವರಿಗೆ 113. ಇದು ಸೀಟಿಗೆ ಅರ್ಜಿ ಹಾಕಲಿಕ್ಕೆ ಬೇಕಾದ ಅರ್ಹತೆ ಮಾತ್ರ. ಸರಕಾರಿ ಕಾಲೇಜಿನ ಎಸ್‌ಸಿ ಸೀಟಿಗೆ ಇದಕ್ಕಿಂತ ಎಷ್ಟೋ ಮೇಲೆ ಇರಬೇಕು. ಅಲ್ಲಿ ನಮ್ಮ ಮಕ್ಕಳಿಗೆ ಪೈಪೋಟಿ ನಮ್ಮ ಮಕ್ಕಳದ್ದೇ, ಅದರಲ್ಲೂ ಬೆಂಗಳೂರು, ಮೈಸೂರಿನಲ್ಲಿ ಎರಡು ವರ್ಷ ಕೋಚಿಂಗ್ ಮುಗಿಸಿ ಬಂದವರದ್ದು. ಈ ಹುಡುಗಿ ಹತ್ತನೇ ತನಕ ಊರಿನ ಕನ್ನಡ ಶಾಲೆಯಲ್ಲಿ ಓದಿದವಳು. 'ದ್ಯುತಿಸಂಶ್ಲೇಷಣೆ' ಅಂತ ಕಲಿತದ್ದು ಪಿಯುಸಿಗೆ ಬಂದಾಗ 'ಫೋಟೋಸಿಂಥೆಸಿಸ್' ಆಯ್ತು. ಎರಡೂ ಒಂದೇ ಅಂತ ಗೊತ್ತಾಗಲಿಕ್ಕೇ ಒಂದು ತಿಂಗಳು ಹೋಯ್ತು ಅಂದಳು. 2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತೆ, ಸರಿ. ಆದರೆ ಪಿಯುಸಿ ಎರಡು ವರ್ಷ ಪಾಠ ಕೇಳಿದ್ದೆಲ್ಲ ಇಂಗ್ಲಿಷಿನಲ್ಲಿ, ಈಗ ಕನ್ನಡದ ಪೇಪರ್ ಹಿಡಿದು ಅವಳೇನು ಮಾಡಬೇಕು?

ಮರುದಿನ ಅದೇ ಅಕ್ಕನಿಗೆ ಕೇರಿಯಾಚೆಯ ಯಾರೋ ಹೇಳಿದ್ರಂತೆ, "ನಿಮ್ಗ್ ಎಂತ, ಕೋಟಾ ಇತ್ತಲೆ. ನಮ್ಮ್ ಮಕ್ಳ್ ಓದಿ ಓದಿ ಸಾಯ್ಕ್."

ಈ ಮಾತು ನಾನು ಕೇಳುವುದು ಇಪ್ಪತ್ತು ವರ್ಷದಿಂದ. ಹಾಗಾದ್ರೆ ಒಂದು ಲೆಕ್ಕ ನೋಡಿ. 720ಕ್ಕೆ 144 ಅಂದರೆ ನೂರಕ್ಕೆ 20. ಖಾಸಗಿ ಕಾಲೇಜಿನ ಎನ್‌ಆರ್‌ಐ ಕೋಟಾದಲ್ಲಿ ಅರ್ಹತೆಯ ಗೆರೆ ದಾಟಿದ್ರೆ ಆಯ್ತು, ಉಳಿದದ್ದು ದುಡ್ಡು ನೋಡಿಕೊಳ್ಳುತ್ತೆ. ವರ್ಷಕ್ಕೆ ಹತ್ತಾರು ಲಕ್ಷ. ಇಂಥ ಕಾಲೇಜುಗಳಲ್ಲಿ ಶೇಕಡಾ 15ರ ತನಕ ಎನ್‌ಆರ್‌ಐ ಸೀಟು ಇರಬಹುದು ಅಂತ 2005ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹಾಗೆ ಓದಿ ಬಂದ ಡಾಕ್ಟರ ಹತ್ರ "ನೀವು ಮೆರಿಟ್ಟಾ?" ಅಂತ ಕೇಳಿದವರನ್ನು ನಾನಂತೂ ನೋಡಿಲ್ಲ. ಕೇಳುವುದು ನಮ್ಮ ಮಕ್ಕಳ ಹತ್ರ ಮಾತ್ರ.

ಉಡುಪಿ ಜಿಲ್ಲೆಯಲ್ಲಿ ಸರಕಾರಿ ಮೆಡಿಕಲ್ ಕಾಲೇಜಿಲ್ಲ. ಬೈಂದೂರಿನ ಮಗುವಿಗೆ ಹತ್ತಿರದ್ದು ಅಂದ್ರೆ ಕಾರವಾರ, ಇಲ್ಲ ಘಾಟಿ ಹತ್ತಿ ಶಿವಮೊಗ್ಗ. ಬ್ರಹ್ಮಾವರದಿಂದ ಒಂದು ಬಸ್ಸಿನ ದೂರದಲ್ಲೇ ಮಣಿಪಾಲ ಇದೆ, 1953ರಿಂದ ಅಲ್ಲಿ ಡಾಕ್ಟರರು ತಯಾರಾಗುತ್ತಾ ಇದ್ದಾರೆ. ಕಾಯಿಲೆ ಜೋರಾದ್ರೆ ನಾವೆಲ್ಲ ಓಡುವುದು ಅಲ್ಲಿಗೇ. ಆದರೆ ಅದು ಡೀಮ್ಡ್ ವಿಶ್ವವಿದ್ಯಾಲಯ. ಡೀಮ್ಡ್‌ಗಳ ಎಂಬಿಬಿಎಸ್ ಸೀಟೆಲ್ಲ ಹಂಚುವುದು ದೆಹಲಿಯ ಎಂಸಿಸಿ, ಅಲ್ಲಿ ರಾಜ್ಯದ ಮೀಸಲಾತಿ ನಡೆಯುವುದಿಲ್ಲ. ಖಾಸಗಿ ಸಂಸ್ಥೆಗಳಲ್ಲೂ ಮೀಸಲಾತಿ ತರಬಹುದು ಅಂತ 2005ರ 93ನೇ ತಿದ್ದುಪಡಿ ಹೇಳಿತು. ಸರಿ ಇದೆ ಅಂತ 2014ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಅದನ್ನು ಖಾಸಗಿ ಕಾಲೇಜುಗಳಿಗೆ ಕಡ್ಡಾಯ ಮಾಡುವ ಕಾನೂನು ಮಾತ್ರ ಸಂಸತ್ತಿನಿಂದ ಬಂದಿಲ್ಲ. ಓಟು ಕೇಳಲಿಕ್ಕೆ ಬರುವವರ ಹತ್ರ ಕೇಳಬೇಕಾದ ಪ್ರಶ್ನೆ ಇದು.

ಹಾಗೆ ನೋಡಿದ್ರೆ ಮೀಸಲಾತಿಯ ಮೊದಲ ದೊಡ್ಡ ಕೋರ್ಟ್ ಜಗಳವೇ ಡಾಕ್ಟರ್ ಸೀಟಿನದ್ದು. ಅದು ನಮ್ಮೂರಿನದ್ದೂ ಹೌದು. 1951ರಲ್ಲಿ ಕುಂದಾಪುರ ಇದ್ದದ್ದು ಮದ್ರಾಸ್ ರಾಜ್ಯದಲ್ಲಿ. ಅಲ್ಲಿನ ಕಮ್ಯುನಲ್ ಜಿ.ಒ. ಪ್ರಕಾರ ಪ್ರತಿ 14 ಸೀಟಿಗೆ 2 ನಮ್ಮವರಿಗೆ, ಬ್ರಾಹ್ಮಣರಿಗೂ 2. ಚಂಪಕಂ ದೊರೈರಾಜನ್ ಎಂಬವರು ಮೆಡಿಕಲ್ ಸೀಟಿನ ವಿಷಯ ಹಿಡಿದು ಕೋರ್ಟಿಗೆ ಹೋದ್ರು, ಏಪ್ರಿಲ್‌ನಲ್ಲಿ ಜಿ.ಒ. ರದ್ದಾಯ್ತು. ತಮಾಷೆ ಅಂದ್ರೆ ಅವರು ಸೀಟಿಗೆ ಅರ್ಜಿಯನ್ನೇ ಹಾಕಿರಲಿಲ್ಲ. ಎರಡೇ ತಿಂಗಳಲ್ಲಿ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂತು, 15(4) ಬಂತು. ಆಗ ಕಾನೂನು ಮಂತ್ರಿ ಬಾಬಾಸಾಹೇಬರು.

ತಮಿಳುನಾಡಿನ ಅರಿಯಲೂರಿನ ಅನಿತಾಳನ್ನು ಮರೆಯಬೇಡಿ. ಕೂಲಿಯವರ ಮಗಳು, ನಮ್ಮ ಹುಡುಗಿ. ಹನ್ನೆರಡನೇ ತರಗತಿಯಲ್ಲಿ 1200ಕ್ಕೆ 1176, ನೀಟ್‌ನಲ್ಲಿ 86. ಸುಪ್ರೀಂ ಕೋರ್ಟ್ ತನಕ ಹೋಗಿ ಸೋತಳು, 2017ರ ಸೆಪ್ಟೆಂಬರಿನಲ್ಲಿ ಅವಳನ್ನು ಕಳೆದುಕೊಂಡೆವು. 2020ರಲ್ಲಿ ಆ ರಾಜ್ಯ ಸರಕಾರಿ ಶಾಲೆಯಲ್ಲಿ ಓದಿದವರಿಗೇ ಅಂತ ಮೆಡಿಕಲ್‌ನಲ್ಲಿ ಶೇ. 7.5 ಸೀಟು ಇಟ್ಟಿತು. ನಮ್ಮ ವಿಧಾನಸಭೆ 2024ರ ಜುಲೈನಲ್ಲಿ ನೀಟ್ ಬೇಡ ಅಂತ ನಿರ್ಣಯ ಮಾಡಿತು. ಒಳ್ಳೆಯದೇ. ಆದರೆ ಅಲ್ಲಿನ ಹಾಗೆ ಸರಕಾರಿ ಶಾಲೆಯ ಮಕ್ಕಳಿಗೇ ಅಂತ ಒಂದು ಪಾಲು ಇಡಲಿಕ್ಕೆ ನೀಟ್ ಹೋಗುವ ತನಕ ಕಾಯಬೇಕಾ?

ಈಗ ಕೈಯಲ್ಲಿ ಇರುವುದನ್ನು ಹೇಳ್ತೇನೆ. ನಮ್ಮವರು ಕಳೆದುಕೊಳ್ಳುವುದು ಇಲ್ಲೇ.

ನೀಟ್ ಬರೆದ್ರೆ ಸಾಲದು, ಕೆಇಎಗೆ ಬೇರೆ ಅರ್ಜಿ ಹಾಕಬೇಕು. ಒಂದರಿಂದ ಹತ್ತನೇ ತನಕ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ಇದೆ, ಆ ಹತ್ತೂ ವರ್ಷ ಕನ್ನಡದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮದ್ದಿದೆ. ಎಸ್‌ಸಿ, ಎಸ್‌ಟಿ ಸೀಟಿನ ಒಳಗೂ ಇವಕ್ಕೆ ಪಾಲು ಇದೆ. ಪಿಯುಸಿ ಕುಂದಾಪುರ ಪೇಟೆಯಲ್ಲಿ ಮಾಡಿದ್ರೆ ತೊಂದರೆ ಇಲ್ಲ, ನೋಡುವುದು ಹತ್ತನೇ ತನಕ ಮಾತ್ರ. ಆರನೇ ಕ್ಲಾಸಿಗೆ ಇಂಗ್ಲಿಷ್ ಮಾಧ್ಯಮದ ವಸತಿ ಶಾಲೆಗೆ ಹೋದ ಮಕ್ಕಳಿಗೆ ಕನ್ನಡದ್ದು ಹೋಗುತ್ತೆ. ಆದರೆ ಶಾಲೆ ಹಳ್ಳಿಯಲ್ಲಿದ್ರೆ ಗ್ರಾಮೀಣದ್ದು ಉಳಿಯುತ್ತೆ. ಇದನ್ನು ಅರ್ಜಿ ತುಂಬುವಾಗಲೇ ಕೇಳಬೇಕು. ನಮ್ಮ ಹುಡುಗಿಯ ಅರ್ಜಿ ತುಂಬಿದ ಸೈಬರಿನವನು ಎರಡೂ ಕಡೆ 'ಇಲ್ಲ' ಅಂತ ಒತ್ತಿದ್ದ. ಯಾಕಪ್ಪಾ ಅಂದ್ರೆ "ಬೇಗ ಆಗ್ತದಲ್ಲ" ಅಂದ!

ಖಾಸಗಿ ಕಾಲೇಜಿನಲ್ಲೂ ಕೆಇಎ ಮೂಲಕ ಹೋಗುವ ಸರಕಾರಿ ಕೋಟಾದ ಸೀಟು ಇರುತ್ತೆ, ಅಲ್ಲಿ ನಮ್ಮ ಮೀಸಲಾತಿ ಇದೆ. ಅದನ್ನು ಆಯ್ಕೆಯ ಪಟ್ಟಿಯಿಂದ ಬಿಡಬೇಡಿ. ಮನೆಯ ಆದಾಯ ವರ್ಷಕ್ಕೆ ಎರಡೂವರೆ ಲಕ್ಷದ ಒಳಗಿದ್ರೆ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಇದೆ, ಜಾತಿ ಆದಾಯ ಸರ್ಟಿಫಿಕೇಟು ಈಗಲೇ ಮಾಡಿಸಿಡಿ. ರಿಸಲ್ಟ್ ಬಂದ ವಾರ ಎಲ್ಲರೂ ತಾಲೂಕು ಕಚೇರಿಯ ಕ್ಯೂನಲ್ಲೇ ಇರ್ತಾರೆ. ಮತ್ತೆ, 113 ಬಂದ ಮಕ್ಕಳ ಮನೆಗೆ "ಫಾರಿನ್ ಎಂಬಿಬಿಎಸ್" ಅಂತ ಏಜೆಂಟರು ಬರ್ತಾರೆ. ಜಾಗ ಅಡವಿಡುವ ಮೊದಲು ದಯವಿಟ್ಟು ನನಗೊಂದು ಫೋನ್ ಮಾಡಿ.

ಆ ಹುಡುಗಿ ಇನ್ನೊಮ್ಮೆ ಬರೆಯುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಕೋಚಿಂಗಿಗೆ ಕೊಡಲಿಕ್ಕೆ ದುಡ್ಡಿಲ್ಲ. ಹಳೇ ಎನ್‌ಸಿಇಆರ್‌ಟಿ ಪುಸ್ತಕ ನಾಲ್ಕು ಸಿಕ್ಕಿವೆ, ಫಿಸಿಕ್ಸಿನದ್ದು ಬೇಕು. ಯಾರ ಮನೆಯಲ್ಲಾದ್ರೂ ಇದ್ರೆ ಹೇಳಿ. ಸೋಮವಾರ ಅವಳ ಅಮ್ಮ ಒಂದು ದಿನದ ಕೂಲಿ ಬಿಟ್ಟು ಬರ್ತಾರೆ, ಗ್ರಾಮೀಣ ಸರ್ಟಿಫಿಕೇಟಿಗೆ ಬಿಇಒ ಆಫೀಸಿಗೆ ಒಟ್ಟಿಗೆ ಹೋಗುವುದು ಅಂತಾಗಿದೆ. ಅವಳು ನಾಲ್ಕನೇ ತನಕ ಓದಿದ ಶಾಲೆ ಮಕ್ಕಳಿಲ್ಲದೆ ಮುಚ್ಚಿದೆ. ಅದರ ದಾಖಲಾತಿ ಪುಸ್ತಕ ಈಗ ಯಾವ ಶಾಲೆಯ ಕಪಾಟಿನಲ್ಲಿದೆ ಅಂತ ಮೊದಲು ಹುಡುಕಬೇಕು.