ಸಹಿ ಹಾಕುವ ಮೊದಲು

ಕಳೆದ ವರ್ಷ ಸಂಡೂರು ಕಡೆಯ ಮೂವರು ಪದವಿ ವಿದ್ಯಾರ್ಥಿನಿಯರು ಹೊಸಪೇಟೆಯ ನಮ್ಮ ಮನೆಗೆ ಬಂದಿದ್ದರು. ಮೊದಲು ತೆಗೆದು ತೋರಿಸಿದ್ದು ಲಂಬಾಣಿ ಕಸೂತಿಯ ಕೈಚೀಲ. ಕೆಂಪು ಬಟ್ಟೆ, ಅಂಚಿಗೆ ಕವಡೆ, ನಡುವೆ ಉಗುರಿನಷ್ಟಗಲದ ಕನ್ನಡಿ ಚೂರುಗಳು. ಆಮೇಲೆ ತೆಗೆದದ್ದು ನಾಲ್ಕು ಪುಟದ ಇಂಗ್ಲಿಷ್ ಕರಾರು. ತಾಂಡಾದ ಹೆಣ್ಣುಮಕ್ಕಳ ಕೈಕೆಲಸವನ್ನು ದಲ್ಲಾಳಿಯ ಹಂಗಿಲ್ಲದೆ ಮಾರಿಕೊಡಬೇಕೆಂದು ಹೊರಟವರು ಅವರು. ದೊಡ್ಡ ಊರಿನ ಅಂಗಡಿಯೊಂದು ಮುನ್ನೂರು ಚೀಲ ಕೇಳಿತ್ತು. ಮೂರನೆಯ ಪುಟದಲ್ಲೊಂದು ಸಾಲಿತ್ತು: ಈ ವಿನ್ಯಾಸಗಳೆಲ್ಲ ಇನ್ನು ಕೊಂಡವರ ಸ್ವತ್ತು.

"ಸೈನ್ ಮಾಡೀವ್ರಿ ಸರ್, ಏನಾರ ತೊಂದ್ರಿ ಆಗ್ತೈತೇನ್ರಿ?" ಎಂದಳು ಒಬ್ಬಳು. ಆ ಚೀಲದ ಮೇಲಿನ ಹೂವು ಅವಳ ಅಜ್ಜಿ ಕಲಿಸಿದ್ದು.

ಸಮಾಜಕ್ಕೆ ಒದಗುವ ಉದ್ಯಮ ಶುರುಮಾಡುವ ವಿದ್ಯಾರ್ಥಿಗಳಿಗೆ ಪುಕ್ಕಟೆ ಕಾನೂನು ನೆರವು ಏಕೆ ಕೊಡಬೇಕು ಎಂದು ಕೇಳುವವರಿದ್ದಾರೆ. ವ್ಯಾಪಾರ ಮಾಡುವವರು ವಕೀಲರ ಫೀಜು ಕಟ್ಟಲಿ, ಸರ್ಕಾರದ ದುಡ್ಡು ಬಡವರ ಕೇಸಿಗೆ ಇರಲಿ ಎಂಬುದು ಅವರ ವಾದ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಈ ಕರಾರಿನಿಂದ ನಷ್ಟ ಯಾರಿಗೆ? ಹುಡುಗಿಯರು ನಾಳೆ ಪದವಿ ಮುಗಿಸಿ ನೌಕರಿ ಹಿಡಿಯಬಹುದು. ತನ್ನ ಹೂವನ್ನು ತಾನೇ ಬೇರೆಯವರಿಗೆ ಹೊಲಿದು ಕೊಡಲಾರದೆ ಕೂರುವವಳು ತಾಂಡಾದ ಮುದುಕಿ. ವಿದ್ಯಾರ್ಥಿಗೆ ಕೊಟ್ಟ ಸಲಹೆ ಅವಳಿಗೇ ಹೋಗಿ ಮುಟ್ಟುತ್ತದೆ.

ಇದಕ್ಕೆ ಹೊಸ ಕಾಯ್ದೆಯೂ ಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ 'ಕಾನೂನು ಸೇವೆ' ಎಂದರೆ ಕೋರ್ಟಿನ ಕೇಸು ನಡೆಸುವುದರ ಜೊತೆಗೆ ಯಾವುದೇ ಕಾನೂನು ವಿಷಯದಲ್ಲಿ ಸಲಹೆ ಕೊಡುವುದೂ ಹೌದು. ಅದರ 12ನೇ ಕಲಂ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು ಆದಾಯದ ಮಿತಿಯಿಲ್ಲದೆ ಈ ಸೇವೆಗೆ ಅರ್ಹರು. ಆ ಮೂವರೂ ಎರಡೂ ಲೆಕ್ಕದಲ್ಲಿ ಅರ್ಹರಾಗಿದ್ದರು, ಆದರೆ ಅವರಿಗೆ ಇದನ್ನು ಯಾರೂ ಹೇಳಿರಲಿಲ್ಲ. ನಮ್ಮ ಜನರ ಮನಸ್ಸಿನಲ್ಲಿ ಕಾನೂನು ನೆರವೆಂದರೆ ಜಗಳವಾದ ಮೇಲೆ ಹತ್ತುವ ಕೋರ್ಟಿನ ಮೆಟ್ಟಿಲು. ಮನೆ ಸುಟ್ಟ ಮೇಲೆ ಬಾವಿ ತೋಡಿದ ಹಾಗೆ.

ತಿಳಿಯದೆ ಎಡವುವ ಜಾಗಗಳು ಈ ಸೀಮೆಯಲ್ಲಿ ಒಂದೆರಡಲ್ಲ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಇದೆ. 2023ರ ಜುಲೈಯಲ್ಲಿ ಹಂಪಿಯ ಜಿ20 ಸಭೆಯ ವೇಳೆ 1,755 ಲಂಬಾಣಿ ಕಸೂತಿ ವಸ್ತುಗಳನ್ನು ಒಂದೆಡೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದ ಹೆಮ್ಮೆ ಅದರದು. ಆದರೆ 1999ರ ಜಿಐ ಕಾಯ್ದೆಯಡಿ ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಂಡವರಿಗಷ್ಟೇ ಆ ಹೆಸರನ್ನು ಬಳಸುವ ಹಕ್ಕು. ಹಂಪಿಯಲ್ಲಿ ಸಂರಕ್ಷಿತ ಸ್ಮಾರಕದಿಂದ ನೂರು ಮೀಟರ್ ಒಳಗೆ ಕಟ್ಟಡ ನಿಷಿದ್ಧ, ಅದರಾಚೆಯ ಇನ್ನೂರು ಮೀಟರ್‌ಗೆ ಅನುಮತಿ ಬೇಕು. ಕರಕುಶಲ ಮಳಿಗೆಗೆಂದು ಕೂಡಿಸಿದ ದುಡ್ಡು ಒಂದು ನೋಟಿಸಿಗೆ ಮುಳುಗಬಹುದು. ಇನ್ನು ಗೆಳೆಯರ ಗುಂಪು. ಕಂಪ್ಲಿಯ ಬಾಳೆತೋಟಗಳಲ್ಲಿ ಕಡಿದು ಬಿಸಾಡುವ ದಿಂಡಿನಿಂದ ನಾರು ತೆಗೆದು ಬುಟ್ಟಿ ಹೆಣೆಸೋಣವೆಂದು ನಾಲ್ವರು ಸೇರಿ, ಬಂದದ್ದನ್ನು ಹಂಚಿಕೊಳ್ಳೋಣ ಎಂದರೆ ಸಾಕು, ಕಾಗದವಿಲ್ಲದೆಯೂ ಅದು 1932ರ ಕಾಯ್ದೆಯ ಪ್ರಕಾರ ಪಾಲುದಾರಿಕೆ. ಒಬ್ಬ ಉದ್ಯಮದ ಹೆಸರಲ್ಲಿ ಮಾಡಿದ ಸಾಲಕ್ಕೆ ನಾಲ್ವರೂ ಹೊಣೆ. ಎಷ್ಟೋ ಗೆಳೆತನ ಮುರಿದುಬಿದ್ದದ್ದು ಇಲ್ಲೇ.

ಒಳ್ಳೆಯ ಸಲಹೆ ಎಷ್ಟೋ ಸಲ 'ಬೇಡ' ಎಂದಿರುತ್ತದೆ. ತಮ್ಮದೇ ಒಂದು ಸಂಸ್ಥೆ ಬೇಕೆಂಬ ಹುಮ್ಮಸ್ಸು ಹುಡುಗರಿಗೆ. ನೋಂದಾಯಿತ ಸಂಘಕ್ಕೆ ಏಳು ಜನ ಬೇಕು, ವರ್ಷವರ್ಷ ಲೆಕ್ಕ ಒಪ್ಪಿಸಬೇಕು. ಕಂಪನಿ ಕಾಯ್ದೆಯ ಸೆಕ್ಷನ್ 8ರಡಿ ಲಾಭರಹಿತ ಕಂಪನಿ ಇಬ್ಬರಿಂದ ಆಗುತ್ತದೆ, ಆದರೆ ಲಾಭ ಹಂಚುವಂತಿಲ್ಲ, ಆಡಿಟ್ ತಪ್ಪದು. ತುಂಗಭದ್ರೆಯ ಆಚೆ ದಡದ ಆನೆಗೊಂದಿಯಲ್ಲಿ 1997ರಿಂದ ಬಾಳೆನಾರಿನ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಸೇರಿಸಿದ ಕಿಷ್ಕಿಂದಾ ಟ್ರಸ್ಟ್ ಇದೆ. ಊರೂರಲ್ಲಿ ಸ್ವಸಹಾಯ ಸಂಘಗಳಿವೆ. ಅವರ ಜೊತೆ ಎರಡು ವರ್ಷ ದುಡಿಯಿರಿ, ನೋಂದಣಿ ಆಮೇಲೆ ಎನ್ನುವ ವಕೀಲನೇ ನನ್ನ ದೃಷ್ಟಿಯಲ್ಲಿ ನಿಜವಾದ ಹಿತೈಷಿ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿಗೆ ಸರ್ಕಾರ ಒಂದು ಪೈಸೆಯನ್ನೂ ಕೇಳುವುದಿಲ್ಲ. ಇದನ್ನಾದರೂ ಹೇಳುವವರಿದ್ದರೆ ಸೈಬರ್ ಸೆಂಟರಿನಲ್ಲಿ ಸಾವಿರ ಕಳೆದುಕೊಳ್ಳುವುದು ತಪ್ಪುತ್ತದೆ.

ಕಾನೂನು ಹಳ್ಳಿಗೆ ಒದಗಿದ ಹಳೆಯ ಉದಾಹರಣೆ ನಮ್ಮಲ್ಲೇ ಇದೆ. 1904ರಲ್ಲಿ ಸಹಕಾರಿ ಕಾಯ್ದೆ ಬಂತು. ಮರುವರ್ಷವೇ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಸಂಘ ಕಟ್ಟಿದರು. ಕಾನೂನನ್ನು ಹಳ್ಳಿಯ ಮಾತಿಗೆ ಇಳಿಸಿಕೊಡಬಲ್ಲವರು ಹತ್ತಿರ ಇದ್ದರೆ ಹಳ್ಳಿ ಅದನ್ನು ಕೈಗೆತ್ತಿಕೊಳ್ಳುತ್ತದೆ.

ಈಗ ಆ ಕೆಲಸಕ್ಕೆ ಕಾನೂನು ಕಾಲೇಜಿನ ಕೊನೆಯ ವರ್ಷದವರಿದ್ದಾರೆ. ಕಾಲೇಜುಗಳಲ್ಲಿ ಕಾನೂನು ಸೇವಾ ಕ್ಲಿನಿಕ್ ನಡೆಸಲು 2011ರ ನಿಯಮಾವಳಿಯೇ ಇದೆ. ವಾರಕ್ಕೊಂದು ಮಧ್ಯಾಹ್ನ, ತಾಲ್ಲೂಕು ಕಾನೂನು ಸೇವಾ ಸಮಿತಿಯ ಪ್ಯಾನೆಲ್ ವಕೀಲರೊಬ್ಬರ ಕೈಕೆಳಗೆ, ಅವರು ಸಂಡೂರು ಬಳಿಯ ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರದಲ್ಲೋ ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲೋ ಒಂದು ಮೇಜು ಹಾಕಿಕೊಂಡು ಕೂರಲಿ. ಕರಾರನ್ನು ಕನ್ನಡದಲ್ಲಿ, ಸಾಲು ಸಾಲಾಗಿ, ಗಟ್ಟಿಯಾಗಿ ಓದಿ ಹೇಳಲಿ. ಓದುವಾಗ ಹುಡುಗಿಯರ ಪಕ್ಕದಲ್ಲೊಂದು ಕುರ್ಚಿ ಹೆಚ್ಚಿಗೆ ಇರಲಿ, ಆ ಚೀಲ ಹೊಲಿದ ಅಜ್ಜಿಗೆ.