ಕೃತಕ ಕಾಲು ಕೊಟ್ಟಲ್ಲಿಗೆ ಚಿಕಿತ್ಸೆ ಮುಗಿಯುವುದಿಲ್ಲ

ಡಾ. ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ 1960ರ ದಶಕದ ಕೊನೆಯಲ್ಲಿ ರೂಪಿಸಿದ ಜೈಪುರ ಕಾಲು ಬಡವರ ಪಾಲಿಗೆ ದೊಡ್ಡ ಉಪಕಾರ. ಅದನ್ನು ತೊಟ್ಟು ಚಕ್ಕಳಮಕ್ಕಳ ಹಾಕಿ ಕೂರಬಹುದು, ಬೂಟಿಲ್ಲದೆ ಗದ್ದೆಗೂ ಇಳಿಯಬಹುದು. ಆದರೆ ಶಿಬಿರ ಮುಗಿದ ಮೇಲೆ ಎಷ್ಟು ಕಾಲು ಹಂಚಿದೆವು ಎಂದು ಲೆಕ್ಕ ಹೇಳುವ ನಾವು, ವರ್ಷ ಕಳೆದ ಮೇಲೆ ಎಷ್ಟು ಜನ ಅದನ್ನು ತೊಟ್ಟು ನಡೆಯುತ್ತಿದ್ದಾರೆ ಎಂದು ಕೇಳುವುದು ಅಪರೂಪ.

ನಡೆಯುವುದು, ಬಿಡುವುದು ಬಹುಪಾಲು ನಿರ್ಧಾರವಾಗುವುದು ಉಳಿದ ಮೊಂಡುಕಾಲಿನ ಆರೈಕೆಯಲ್ಲಿ. ಶಸ್ತ್ರಚಿಕಿತ್ಸೆಯಾದವರ ಮಂಡಿಯ ಕೆಳಗೆ ಮನೆಯವರು ಅಕ್ಕರೆಯಿಂದ ದಿಂಬು ಇಡುತ್ತಾರೆ. ನೋವು ತಗ್ಗಿದಂತೆನಿಸುತ್ತದೆ, ಆದರೆ ಕೆಲವೇ ವಾರಗಳಲ್ಲಿ ಮಂಡಿ ಮಡಚಿದಂತೆಯೇ ಸೆಟೆದುಕೊಳ್ಳುತ್ತದೆ. ಹಾಗೆ ಬಾಗಿದ ಕಾಲಿಗೆ ಸಾಕೆಟ್ (ಕೃತಕ ಕಾಲಿನಲ್ಲಿ ಮೊಂಡುಕಾಲು ಕೂರುವ ಭಾಗ) ಕೂಡಿಸುವುದು ಬಲು ಕಷ್ಟ. ಕ್ರೇಪ್ ಬ್ಯಾಂಡೇಜನ್ನು ತುದಿಯಲ್ಲಿ ಬಿಗಿಯಾಗಿ, ಮೇಲೆ ಹೋದಂತೆ ಸಡಿಲವಾಗಿ ಸುತ್ತಬೇಕು. ತಿರುವುಮುರುವಾದರೆ ತುದಿಯೇ ಊದಿಕೊಳ್ಳುತ್ತದೆ. ಮುಂದೆ ಬಾವು ಇಳಿದು ಸ್ನಾಯು ಕರಗುತ್ತಾ ಹೋದಂತೆ ಸಾಕೆಟ್ ಸಡಿಲಗೊಂಡು ಚರ್ಮ ಉಜ್ಜುತ್ತದೆ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಳೆದುಕೊಂಡವರಿಗೆ ಮೊಂಡುಕಾಲಿಗೆ ತೊಡುವ ಕಾಲುಚೀಲದಲ್ಲಿ ರಕ್ತದ ಕಲೆ ಕಾಣುವವರೆಗೆ ಗಾಯವಾದದ್ದೇ ತಿಳಿಯದು. ಸಾಕೆಟ್ ಸಡಿಲವಾದ ಹೊಸದರಲ್ಲೇ ಇನ್ನೊಂದು ಕಾಲುಚೀಲ ಹಾಕಿದ್ದರೆ ಎಷ್ಟೋ ಸಲ ಆ ಗಾಯ ತಪ್ಪುತ್ತಿತ್ತು. ಇಲ್ಲದ ಪಾದ ಉರಿಯುತ್ತದೆ, ಬೆರಳು ಸೆಳೆಯುತ್ತದೆ ಎಂಬ ನೋವು ಅಂಗ ಕಳೆದುಕೊಂಡ ಬಹುತೇಕರನ್ನು ಕಾಡುತ್ತದೆ. ಹೇಳಿದರೆ ಹುಚ್ಚೆಂದಾರು ಎಂದು ಅನೇಕರು ನುಂಗಿಕೊಳ್ಳುತ್ತಾರೆ. ಇದು ನರ ಮತ್ತು ಮಿದುಳಿನ ನಿಜವಾದ ನೋವು. ಇದಕ್ಕೆ ಔಷಧಗಳಿವೆ. 1990ರ ದಶಕದಲ್ಲಿ ವಿ.ಎಸ್. ರಾಮಚಂದ್ರನ್ ಪರಿಚಯಿಸಿದ ಕನ್ನಡಿ ಚಿಕಿತ್ಸೆ ಎಲ್ಲರಿಗೂ ಫಲ ಕೊಡದಿದ್ದರೂ, ಒಂದು ಕನ್ನಡಿಯ ಖರ್ಚಿನಲ್ಲಿ ಪ್ರಯತ್ನಿಸಬಹುದಾದದ್ದು.

ರೋಗಿಗಳೇ ಮತ್ತೆ ಬರುವುದಿಲ್ಲ ಎಂಬ ಆಕ್ಷೇಪವಿದೆ. ಊರುಗೋಲು ಹಿಡಿದು ಎರಡು ಬಸ್ಸು ಬದಲಿಸಿ, ಒಂದು ದಿನದ ಕೂಲಿ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಬನ್ನಿ ಎಂದರೆ ಯಾರು ಬಂದಾರು? ತಜ್ಞರ ಕೊರತೆಯೂ ನಿಜವೇ. ಆದರೆ ಬ್ಯಾಂಡೇಜು ಸರಿಯಿದೆಯೇ, ಮಂಡಿ ನೆಟ್ಟಗಾಗುತ್ತದೆಯೇ, ಚರ್ಮ ಕೆಂಪಾಗಿದೆಯೇ ಎಂದು ನೋಡಲು ಶಸ್ತ್ರವೈದ್ಯರು ಬೇಕಿಲ್ಲ. ಸಕ್ಕರೆ, ಬಿಪಿ ವಿಚಾರಿಸಲು ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಗೆ ಇದನ್ನೂ ಕಲಿಸಿ, ಅದಕ್ಕೆ ತಕ್ಕ ಸಂಭಾವನೆ ಕೊಡಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಫಿಸಿಯೋಥೆರಪಿಸ್ಟ್ ಸಿಗಬೇಕು. ದುಬಾರಿ, ಅತ್ಯಾಧುನಿಕ ಕಾಲು ಕೊಟ್ಟರೆ ಇಷ್ಟೆಲ್ಲ ಬೇಡವೆಂಬ ವಾದವೂ ನಿಲ್ಲುವುದಿಲ್ಲ, ಹುಣ್ಣಾದ ಚರ್ಮದ ಮೇಲೆ ಎಂಥ ಕಾಲನ್ನೂ ತೊಡಲಾಗದು. ಕಾಲು ಕೊಡುವ ದಿನವೇ ಮುಂದಿನ ತಪಾಸಣೆಗಳ ದಿನಾಂಕ ಬರೆದ ಚೀಟಿಯನ್ನೂ ಬಸ್ ಚಾರ್ಜನ್ನೂ ಕೊಡುವ ವ್ಯವಸ್ಥೆಯನ್ನು ಸರ್ಕಾರ ಮಾಡಲಿ. ಪ್ರತಿ ತಪಾಸಣೆಯಲ್ಲೂ ಇನ್ನೊಂದು ಪಾದವನ್ನು ನೋಡಲೇಬೇಕು. ಸಕ್ಕರೆ ಕಾಯಿಲೆಯಿಂದ ಒಂದು ಕಾಲು ಕಳೆದುಕೊಂಡವರಿಗೆ ಎರಡನೆಯದನ್ನೂ ಕಳೆದುಕೊಳ್ಳುವ ಅಪಾಯ ಹೆಚ್ಚು.