ಗಾರ್ಮೆಂಟ್ಸ್ ಕಾರ್ಮಿಕರ ಮತ ಯಾರಿಗೆ?



ಪಿಎಫ್ ಹಣ ಹಿಂಪಡೆಯಲು ಅಡ್ಡಿಯಾದ ಹೊಸ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ಕೈಬಿಟ್ಟಿತು. ಆ ಹೋರಾಟವನ್ನು ಯಾವ ಪಕ್ಷವೂ ಕಟ್ಟಿರಲಿಲ್ಲ. ಹಿಂದೆ ಕೆಜಿಎಫ್, ಬಾಗೇಪಲ್ಲಿಗಳಲ್ಲಿ ಗೆದ್ದಿದ್ದ ಎಡಪಕ್ಷಗಳು 2004ರ ನಂತರ ರಾಜ್ಯ ವಿಧಾನಸಭೆಗೆ ಒಬ್ಬ ಶಾಸಕರನ್ನೂ ಕಳಿಸಲಾಗದಿರುವುದಕ್ಕೆ ಕಾರ್ಮಿಕರೊಂದಿಗಿನ ಈ ಅಂತರವೇ ದೊಡ್ಡ ಕಾರಣವೆಂಬುದು ನನ್ನ ಖಚಿತ ಅಭಿಪ್ರಾಯ.

ಜಾತಿಯ ಮುಂದೆ ಕೂಲಿಯ ಮಾತು ನಡೆಯದು ಎನ್ನುವವರಿದ್ದಾರೆ. ಆದರೆ ಅಂದು ಅಷ್ಟು ಜನರನ್ನು ಒಗ್ಗೂಡಿಸಿದ್ದು ಜಾತಿಯಲ್ಲ, ಪಿಎಫ್ ಹಣ. ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ತಿಂಗಳಿಗೆ 2,000 ರೂಪಾಯಿ ಸಾಲದೇ ಎಂದೂ ಕೇಳಬಹುದು. ಅದು ಮನೆಗೆ ಆಸರೆ, ನಿಜ. ಆದರೆ ಟಾರ್ಗೆಟ್ ಮುಟ್ಟದಾಗ ಸೂಪರ್‌ವೈಸರ್‌ ಬೈಯುವುದನ್ನು ಅದು ನಿಲ್ಲಿಸದು. ಎಡಪಕ್ಷದವರು ಪೀಣ್ಯ, ಬೊಮ್ಮನಹಳ್ಳಿಯ ವಠಾರಗಳಿಗೆ ಹೋಗಿ ಸಂಬಳದ ಚೀಟಿ ನೋಡಲಿ, ಪಿಎಫ್ ಅರ್ಜಿ ತುಂಬಿಕೊಡಲಿ. ಭಾನುವಾರ ಬಿಟ್ಟರೆ ಕಾರ್ಮಿಕರಿಗೆ ಬಿಡುವಿಲ್ಲ. ಸಭೆಗಳೂ ಅಂದೇ ನಡೆಯಲಿ.

–ಓದುಗ, ಬೆಂಗಳೂರು